ಕಸ ಬಾಚುವ ಕೆಲಸ ನೀರಿಗೇ ಬಿಡಿ

ಸಂಪಾದಕರಿಗೆ ನಮಸ್ಕಾರ.

ಕೊಳಚೆ ನೀರಿನ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಾನು ಒಂದು ಶಬ್ದ ಹುಡುಕುತ್ತೇನೆ. ಸ್ಕ್ರೀನ್. ಸಿಗುವುದೇ ಇಲ್ಲ. ಪಂಪು ಕೆಟ್ಟಿತು, ಮ್ಯಾನ್‌ಹೋಲ್ ಉಕ್ಕಿತು, ಘಟಕ ನಿಂತಿತು ಎಂದೆಲ್ಲ ಬರೆಯುತ್ತಾರೆ. ಆದರೆ ಇದರಲ್ಲಿ ಎಷ್ಟೋ ತಾಪತ್ರಯ ಶುರುವಾಗುವುದು ಆ ಸ್ಕ್ರೀನಿನ, ಅಂದರೆ ಕಸ ತಡೆಯುವ ಸರಳುಗಳ ಹತ್ತಿರ. ಅದನ್ನು ಬಾಚಲು ಕರೆಂಟೇ ಬೇಕಿಲ್ಲ, ಬೀಳುವ ನೀರು ತಿರುಗಿಸುವ ಒಂದು ಚಕ್ರ ಸಾಕು ಎಂಬುದು ನನ್ನ ಮಾತು. ನಾನು ಒಂದು ಶುದ್ಧೀಕರಣ ಘಟಕದಲ್ಲಿ ಬಹಳ ವರ್ಷ ಆಪರೇಟರ್ ಆಗಿದ್ದವನು, ಈಗ ನಿವೃತ್ತ. ಪತ್ರ ಸ್ವಲ್ಪ ಉದ್ದ ಆಗಿದೆ. ಕತ್ತರಿ ಹಾಕುವುದಿದ್ದರೆ ಕಥೆಗೆ ಹಾಕಿ, ಲೆಕ್ಕ ಉಳಿಸಿ.

ಗೊತ್ತಿಲ್ಲದವರಿಗೆ ಎರಡು ಮಾತು. ಕೊಳಚೆ ನೀರು ಘಟಕದೊಳಗೆ ಬರುವ ಕಾಲುವೆಗೆ ಅಡ್ಡಲಾಗಿ ಕಬ್ಬಿಣದ ಸರಳುಗಳನ್ನು ಓರೆಯಾಗಿ ನಿಲ್ಲಿಸಿರುತ್ತಾರೆ. ಸರಳಿನ ನಡುವೆ ಸಾಮಾನ್ಯವಾಗಿ 25ರಿಂದ 50 ಮಿಲಿಮೀಟರ್ ಸಂದು, ಅದರ ಮುಂದೆ ಇನ್ನೊಂದು ಸಣ್ಣ ಸಂದಿನದು, ಸುಮಾರು 6 ಮಿಲಿಮೀಟರಿನದು. ನೀರು ಸಂದಿಯಲ್ಲಿ ದಾಟುತ್ತದೆ, ಕಸ ನಿಲ್ಲುತ್ತದೆ. ನಿಂತ ಕಸವನ್ನು ಹಲ್ಲುಗಳಿರುವ ರೇಕಿನಿಂದ ಮೇಲಕ್ಕೆ ಬಾಚಿ ತೆಗೆಯಬೇಕು. ಅಷ್ಟೇ. ತಲೆ ಬಾಚಿದ ಹಾಗೆ.

ಏನೇನು ಬರುತ್ತದೆ ಅಂತ ಕೇಳಬೇಡಿ. ಬಟ್ಟೆ ಚೂರು, ಪ್ಲಾಸ್ಟಿಕ್ ಕವರು, ಡೈಪರು, ಪ್ಯಾಡು, ಕೂದಲಿನ ಉಂಡೆ, ಚಮಚ, ಮಕ್ಕಳ ಆಟಿಕೆ. ಒಮ್ಮೆ ಇಡೀ ದಿಂಬು ಬಂತು. ಕಮೋಡಿನಲ್ಲಿ ಇಳಿಯುವ ವಸ್ತು ಅಲ್ಲವಲ್ಲ ಅದು, ಯಾರೋ ಮ್ಯಾನ್‌ಹೋಲ್ ಮುಚ್ಚಳ ಎತ್ತಿ ಹಾಕಿರಬೇಕು. ಎಲ್ಲಕ್ಕಿಂತ ಕಾಟ ಕೊಡುವುದು ಒದ್ದೆ ವೈಪ್ಸ್. ಟಾಯ್ಲೆಟ್ ಪೇಪರ್ ನೀರಿನಲ್ಲಿ ಬಿಡಿಬಿಡಿಯಾಗುತ್ತದೆ, ಇದು ಆಗುವುದಿಲ್ಲ. ಒಂದಕ್ಕೊಂದು ಹೊಸೆದುಕೊಂಡು ಹಗ್ಗ ಆಗುತ್ತದೆ, ಹಗ್ಗಕ್ಕೆ ಅಡುಗೆ ಜಿಡ್ಡು ಮೆತ್ತಿಕೊಳ್ಳುತ್ತದೆ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಒಳಚರಂಡಿಯೊಳಗೆ ಇಂಥದೇ ಜಿಡ್ಡಿನ ಗುಡ್ಡೆ ಸಿಕ್ಕಿತ್ತು, 250 ಮೀಟರ್ ಉದ್ದ, 130 ಟನ್ ತೂಕ. ಅದರ ಒಂದು ತುಂಡನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟು ಜನಕ್ಕೆ ತೋರಿಸಿದರು. ನಾವು ಇಂಥದ್ದನ್ನು ದಿನಾ ಪುಕ್ಕಟೆ ನೋಡುತ್ತಿದ್ದೆವು.

ಈಗ ನನಗೆ ಈ ಚಕ್ರದ ಯೋಚನೆ ಹೊಳೆದ ರಾತ್ರಿಯ ವಿಷಯ. ಜೋರು ಮಳೆ, ಕರೆಂಟು ಹೋಗಿತ್ತು. ಜನರೇಟರ್ ಇತ್ತು, ಆದರೆ ಅದರ ಶಕ್ತಿ ಪಂಪುಗಳಿಗೇ ಸರಿಹೋಗುತ್ತಿತ್ತು, ರೇಕಿನ ಮೋಟರಿಗೆ ಯಾರೂ ಲೈನ್ ಎಳೆದಿರಲಿಲ್ಲ. ಮಳೆಯ ಮೊದಲ ನೀರು ಬಂದಾಗ ಪೈಪಿನ ತಳದಲ್ಲಿ ವಾರಗಟ್ಟಲೆ ಕೂತಿದ್ದ ಕಸವೆಲ್ಲ ಒಟ್ಟಿಗೆ ಎದ್ದು ಬರುತ್ತದೆ. ಹತ್ತು ನಿಮಿಷದಲ್ಲಿ ಸ್ಕ್ರೀನು ಕಂಬಳಿ ಹೊದ್ದ ಹಾಗಾಯಿತು. ಹಿಂದೆ ನೀರು ಏರತೊಡಗಿತು. ನಾನು, ಇನ್ನೊಬ್ಬ ಹುಡುಗ, ಇಬ್ಬರೂ ಉದ್ದ ಹಿಡಿಯ ಕೈ ರೇಕು ಹಿಡಿದು ಹಲಗೆಯ ಮೇಲೆ ನಿಂತೆವು. ಕೈ ರೇಕಿನಲ್ಲಿ ಒದ್ದೆ ಬಟ್ಟೆ ಎಳೆಯುವುದು ಅಂದರೆ ಏನು ಅಂತ ಎಳೆದವರಿಗೇ ಗೊತ್ತು. ಸರಳಿನ ಸಂದಿಯಲ್ಲಿ ಅರ್ಧ ಆ ಕಡೆ, ಅರ್ಧ ಈ ಕಡೆ ಸಿಕ್ಕಿಕೊಂಡಿರುತ್ತದೆ, ನೀರಿನ ಒತ್ತಡ ಬೇರೆ ಅದನ್ನು ಸರಳಿಗೆ ಅದುಮಿ ಹಿಡಿದಿರುತ್ತದೆ. ಮೊದಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಆಮೇಲೆ ವಾಸನೆ ಇಲ್ಲ. ವಾಸನೆ ಹೋಯಿತು ಅಂತ ಹುಡುಗ ಖುಷಿಪಟ್ಟ, ನಾನು ಅವನ ಕಾಲರ್ ಹಿಡಿದು ಹೊರಗೆ ಎಳೆದೆ. ಆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ, ಸುಮಾರಿಗೆ ಮುಟ್ಟಿದರೆ ಮೂಗು ಸತ್ತುಹೋಗುತ್ತದೆ, ವಾಸನೆ ಗೊತ್ತಾಗುವುದಿಲ್ಲ. ಅನಿಲ ಅಲ್ಲೇ ಇರುತ್ತದೆ. ಇನ್ನೂ ಜಾಸ್ತಿಯಾದರೆ ಮನುಷ್ಯನನ್ನು ನಿಂತಲ್ಲೇ ಬೀಳಿಸುತ್ತದೆ.

ಹೊರಗೆ ಬಂದು ಉಸಿರು ತೆಗೆದುಕೊಳ್ಳುತ್ತಾ ನಿಂತಾಗ ಕಿವಿಗೆ ಬಿದ್ದದ್ದು ನೀರಿನ ಸದ್ದು. ಸ್ಕ್ರೀನ್ ದಾಟಿದ ನೀರು ಮುಂದಿನ ತೊಟ್ಟಿಗೆ ಒಂದು ಮೀಟರಿಗೂ ಜಾಸ್ತಿ ಕೆಳಕ್ಕೆ ದಬದಬ ಬೀಳುತ್ತಿತ್ತು. ಅಷ್ಟು ವರ್ಷ ಆ ಸದ್ದು ಕೇಳಿದ್ದೆ, ಯೋಚನೆ ಮಾಡಿರಲಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರಲ್ಲ, ಥೇಟ್ ಹಾಗೆ. ಇಲ್ಲಿ ರೇಕಿಗೆ ಹಲ್ಲಿದೆ, ಓಡಿಸಲು ಶಕ್ತಿ ಇಲ್ಲ. ಎರಡು ಮಾರು ಆಚೆ ಶಕ್ತಿ ಸುಮ್ನೆ ನೆಲಕ್ಕೆ ಬೀಳುತ್ತಿದೆ.

ಎಷ್ಟು ಶಕ್ತಿ? ಲೆಕ್ಕ ಮಾಡೋಣ. ಸೆಕೆಂಡಿಗೆ 100 ಲೀಟರ್ ನೀರು 1 ಮೀಟರ್ ಬಿದ್ದರೆ 981 ವ್ಯಾಟ್. ತಲೆಗೆ ದಿನಕ್ಕೆ 100 ಲೀಟರಿನಂತೆ ಹಿಡಿದರೆ ಇದು 86,400 ಜನರ ಕೊಳಚೆ ನೀರು, ದೊಡ್ಡ ಊರೇನಲ್ಲ. ಒಂದು ಸಾಧಾರಣ ನೀರಿನ ಚಕ್ರ, ನಡುಮಟ್ಟದಲ್ಲಿ ನೀರು ಹೊಡೆಯುವಂಥದ್ದು, ಇದರಲ್ಲಿ 60 ಪರ್ಸೆಂಟ್ ಹಿಡಿದುಕೊಂಡರೂ 590 ವ್ಯಾಟ್ ಸಿಕ್ಕಿತು. ನಮ್ಮ ರೇಕಿಗೆ ಇದ್ದದ್ದು 1 ಎಚ್‌ಪಿ ಮೋಟರ್, ಅಂದರೆ 746 ವ್ಯಾಟ್. ಅದೂ ಗಂಟೆಗೆ ಕೆಲವು ನಿಮಿಷ ಮಾತ್ರ ಓಡುತ್ತಿತ್ತು.

ಇನ್ನೊಂದು ಕಡೆಯಿಂದ ನೋಡಿ, ಇದು ನನಗೇ ನಗು ತರಿಸಿದ ಲೆಕ್ಕ. 25 ಮಿಲಿಮೀಟರ್ ಸಂದಿನ ಸ್ಕ್ರೀನಿನಲ್ಲಿ ಸಾವಿರ ಘನ ಮೀಟರ್ ನೀರಿಗೆ ಸುಮಾರು 15ರಿಂದ 35 ಲೀಟರ್ ಕಸ ನಿಲ್ಲುತ್ತದೆ. ಮೇಲೆ ಹೇಳಿದ ಊರಿಗೆ ದಿನಕ್ಕೆ 8,640 ಘನ ಮೀಟರ್ ನೀರು, ಕಸ ಹೆಚ್ಚೆಂದರೆ 300 ಲೀಟರ್. ನೀರು ಕುಡಿದ ಕಸ ಅಂತ 300 ಕಿಲೋ ಎಂದೇ ಇಟ್ಟುಕೊಳ್ಳಿ. ಅದನ್ನು 3 ಮೀಟರ್ ಎತ್ತಲು ಬೇಕಾದ ಕೆಲಸವನ್ನು ಆ 590 ವ್ಯಾಟಿನ ಚಕ್ರ 15 ಸೆಕೆಂಡಿನಲ್ಲಿ ಮುಗಿಸುತ್ತದೆ. ಇಡೀ ದಿನದ ಕಸ! ನಿಜವಾದ ಯಂತ್ರದಲ್ಲಿ ಚೈನಿನ ತೂಕ, ಉಜ್ಜಾಟ, ಸಂದಿಯಲ್ಲಿ ಸಿಕ್ಕಿದ್ದನ್ನು ಕೀಳುವ ಬಲ ಎಲ್ಲ ಸೇರಿ ಇದರ ನೂರು ಪಟ್ಟು ಬೇಕಾಗಲಿ, ಅರ್ಧ ಗಂಟೆಯೂ ಆಗುವುದಿಲ್ಲ. ದಿನಕ್ಕೆ ಇರುವುದು 24 ಗಂಟೆ.

ವೇಗವೂ ಕೂಡಿಬರುತ್ತದೆ. ಸಾಮಾನ್ಯ ಮೋಟರ್ ನಿಮಿಷಕ್ಕೆ 1,440 ಸುತ್ತು ತಿರುಗುತ್ತದೆ. ರೇಕು ನಿಮಿಷಕ್ಕೆ ಕೆಲವೇ ಮೀಟರ್ ಏರಿದರೆ ಸಾಕು. ಅಷ್ಟು ವೇಗ ಇಳಿಸಲು ಒಂದು ದಪ್ಪ ಗೇರ್‌ಬಾಕ್ಸ್, ಅದಕ್ಕೆ ಎಣ್ಣೆ, ಸೀಲು, ಅದು ಕೆಟ್ಟರೆ ವಾರಗಟ್ಟಲೆ ಕಾಯುವುದು. ಎರಡೂವರೆ ಮೀಟರ್ ಅಡ್ಡಳತೆಯ ನೀರಿನ ಚಕ್ರ ತಿರುಗುವುದೇ ನಿಮಿಷಕ್ಕೆ ಏಳೆಂಟು ಸುತ್ತು. ಒಂದು ಚೈನು, ಎರಡು ಹಲ್ಲುಚಕ್ರ ಹಾಕಿದರೆ ಆಯಿತು. ಮಳೆ ಬಂದಾಗ ಕಸ ಜಾಸ್ತಿ ಬರುತ್ತದೆ, ನೀರೂ ಜಾಸ್ತಿ ಬರುತ್ತದೆ, ಚಕ್ರಕ್ಕೂ ಬಲ ಬರುತ್ತದೆ. ನಡುರಾತ್ರಿ ನೀರು ಕಡಿಮೆ, ಚಕ್ರ ತೂಕಡಿಸುತ್ತದೆ, ಆಗ ಕಸವೂ ಇಲ್ಲ. ಮೋಟರಿಗೆ ಇದನ್ನೇ ಕಲಿಸಲು ಟೈಮರು, ಸೆನ್ಸರು ಎಲ್ಲ ಬೇಕು.

ಇಷ್ಟು ಸುಲಭ ಅಂತ ನಾನೂ ಅಂದುಕೊಂಡೆ. ಅನುಮತಿ ಕೇಳಿ ಒಂದು ಸಣ್ಣ ಚಕ್ರ ಮಾಡಿದೆವು. ಹಳೇ ಡ್ರಮ್ಮು ಸೀಳಿ ರೆಕ್ಕೆ, ಹಳೇ ಪಂಪಿನ ಶಾಫ್ಟು. ಬುದ್ಧಿವಂತರು ನಾವು, ಸ್ಕ್ರೀನಿಗಿಂತ ಮೊದಲೇ ಕೂರಿಸಿದೆವು, ಅಲ್ಲಿ ಕಾಲುವೆ ಕಿರಿದಾಗಿ ನೀರು ಜೋರಾಗಿ ಬರುತ್ತದೆ ಅಂತ. ಎರಡನೇ ದಿನ ಬೆಳಿಗ್ಗೆ ನೋಡಿದರೆ ಚಕ್ರ ಕಾಣುತ್ತಿಲ್ಲ. ಕೂದಲು, ಬಟ್ಟೆ, ವೈಪ್ಸ್ ಎಲ್ಲ ಸುತ್ತಿಕೊಂಡು ಒಂದು ದೊಡ್ಡ ಉಂಡೆ ನಿಧಾನಕ್ಕೆ ಅಲ್ಲಾಡುತ್ತಿದೆ. ಬಿಡಿಸಲು ಅರ್ಧ ದಿನ ಚಾಕು ಹಿಡಿದು ಕೂತೆವು. ಪಾಠ ಇಷ್ಟೇ: ಚಕ್ರ ಸ್ಕ್ರೀನಿನ ಆಚೆಗಿರಬೇಕು, ಬಾಚಿದ ನೀರಿನಲ್ಲಿ ತಿರುಗಬೇಕು, ಅಲ್ಲಿಂದ ಚೈನಿನ ಮೂಲಕ ಹಿಂದಿನ ರೇಕನ್ನು ಎಳೆಯಬೇಕು. ಹಾಗೆ ಬದಲಿಸಿದ ಮೇಲೆ ಅದು ಐದು ತಿಂಗಳು ಓಡಿತು. ನಿಂತದ್ದು ಬೇರಿಂಗ್ ತುಕ್ಕು ತಿಂದು. ಆ ಹೈಡ್ರೋಜನ್ ಸಲ್ಫೈಡ್ ಅನಿಲ ಒದ್ದೆ ಗೋಡೆಯ ಮೇಲೆ, ಕಬ್ಬಿಣದ ಮೇಲೆ ಕೂತು ಬ್ಯಾಕ್ಟೀರಿಯಾಗಳಿಂದ ಗಂಧಕಾಮ್ಲ ಆಗುತ್ತದೆ, ಸಾಧಾರಣ ಉಕ್ಕು ಅದರ ಮುಂದೆ ಬಿಸ್ಕೆಟ್ಟು. ಸ್ಟೇನ್‌ಲೆಸ್ ಸ್ಟೀಲು, ನೀರಿನಲ್ಲೇ ಓಡುವ ಪ್ಲಾಸ್ಟಿಕ್ ಬುಷ್ಷು ಹಾಕಬೇಕಿತ್ತು. ಇನ್ನೊಂದು ಸಲ ಮಾಡಲು ಬಿಡಲಿಲ್ಲ. ಹೊಸ ಮೋಟರ್ ಬರುತ್ತದೆ, ಇದೆಲ್ಲ ಯಾಕೆ ಎಂದರು.

ಇದು ನನ್ನೊಬ್ಬನ ಹುಚ್ಚಲ್ಲ. ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ ಜೋನ್ಸ್ ಫಾಲ್ಸ್ ಎಂಬ ಹೊಳೆ ಸಮುದ್ರದ ಹಿನ್ನೀರಿಗೆ ಸೇರುವ ಕಡೆ 2014ರಿಂದ ಒಂದು ಯಂತ್ರ ತೇಲುತ್ತಿದೆ. ಎರಡು ಕಣ್ಣು ಅಂಟಿಸಿ ಅದಕ್ಕೆ ಮಿಸ್ಟರ್ ಟ್ರ್ಯಾಶ್ ವೀಲ್ ಎಂದು ಹೆಸರಿಟ್ಟಿದ್ದಾರೆ. ಹೊಳೆಯ ಹರಿವೇ ಚಕ್ರ ತಿರುಗಿಸುತ್ತದೆ, ಚಕ್ರ ರೇಕು ಮತ್ತು ಬೆಲ್ಟನ್ನು ಎಳೆಯುತ್ತದೆ, ತೇಲಿ ಬಂದ ಕಸ ಮೇಲೆ ಹತ್ತಿ ತೊಟ್ಟಿಗೆ ಬೀಳುತ್ತದೆ. ಹರಿವು ಸಾಲದಿದ್ದಾಗ ಸೋಲಾರ್ ಪಂಪು ನೀರೆತ್ತಿ ಚಕ್ರದ ಮೇಲೆ ಸುರಿಯುತ್ತದೆ. ಅದು ಹೊಳೆ ಕಸ, ಒಳಚರಂಡಿ ಅಲ್ಲ, ಒಪ್ಪಿದೆ. ಅಮೆರಿಕದ್ದೇ ಒರೆಗಾನ್ ರಾಜ್ಯದ ಕಡೆ ನೀರಾವರಿ ಕಾಲುವೆಗಳಲ್ಲಿ ಮೀನು ಹೊಲಕ್ಕೆ ಹೋಗದಂತೆ ತಿರುಗುವ ಡ್ರಮ್ ಜಾಲರಿ ಇಟ್ಟಿರುತ್ತಾರೆ, ಅದನ್ನು ತಿರುಗಿಸುವುದೂ ಅದೇ ಕಾಲುವೆಯ ಚಕ್ರ. ಕೊಳಚೆ ನೀರೇ ಬೇಕು ಅಂದರೆ ಜೋರ್ಡಾನಿನ ಅಸ್ ಸಮ್ರಾ ಘಟಕ ನೋಡಿ, 2008ರಲ್ಲಿ ಶುರುವಾದದ್ದು. ಒಳಗೆ ಬರುವ ಕೊಳಚೆ ನೀರಿನಿಂದಲೂ, ಹೊರಗೆ ಹೋಗುವ ಶುದ್ಧ ನೀರಿನಿಂದಲೂ ಟರ್ಬೈನ್ ತಿರುಗಿಸಿ ಕರೆಂಟು ತೆಗೆಯುತ್ತಾರೆ. ಅಷ್ಟು ಎತ್ತರದಿಂದ ನೀರು ಬೀಳುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ, ಆದರೆ ನಾವು ಕೇಳುತ್ತಿರುವುದು ಕರೆಂಟಲ್ಲ, ಒಂದು ರೇಕು ಅಲ್ವಾ.

ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಇಲ್ಲವಾದರೆ ನಾಳೆ ಯಾರಾದರೂ ಎಂಜಿನಿಯರ್ ಬರೆದು ನನ್ನ ಮಾನ ತೆಗೆಯುತ್ತಾರೆ. ನೀರು ಬಿದ್ದು ನೊರೆಯೆದ್ದರೆ ಅದರಲ್ಲಿ ಕರಗಿದ್ದ ಅನಿಲ ಹೊರಗೆ ಬರುತ್ತದೆ. ಹಾಗಾಗಿ ಚಕ್ರವನ್ನು ಮುಚ್ಚಿದ ಕೋಣೆಯಲ್ಲಿ ಇಡಲೇಬಾರದು. ನೆಲ ಸಮತಟ್ಟಾಗಿದ್ದು ನೀರಿಗೆ ಬೀಳುವ ಎತ್ತರವೇ ಇಲ್ಲದ ಕಡೆ ಇದು ನಡೆಯುವುದಿಲ್ಲ. ಸೆಕೆಂಡಿಗೆ 1 ಮೀಟರ್ ಹರಿಯುವ ಕಾಲುವೆಯಲ್ಲಿ ಒಂದು ಚದರ ಮೀಟರ್ ಅಡ್ಡಕೊಯ್ತದಲ್ಲಿ ಹಾದುಹೋಗುವ ನೀರಿನ ಶಕ್ತಿಯೇ 500 ವ್ಯಾಟ್, ಸುಮ್ನೆ ರೆಕ್ಕೆ ಇಳಿಬಿಟ್ಟರೆ ಅದರಲ್ಲಿ ಕಾಲು ಭಾಗ ಸಿಕ್ಕರೆ ಪುಣ್ಯ. ಜೊತೆಗೆ ಅಲ್ಲಿ ಚಕ್ರ ನೀರನ್ನು ತಡೆದರೆ ಹಿಂದೆ ವೇಗ ಇಳಿದು ಮರಳು ಕೂರುತ್ತದೆ. ಸೆಕೆಂಡಿಗೆ 0.6 ಮೀಟರಿಗಿಂತ ಕಡಿಮೆ ಆದರೆ ಕಾಲುವೆ ಹೂಳು ತುಂಬಲು ಶುರು. ಅಂಥ ಕಡೆ ಮೋಟರೇ ಸರಿ.

ಮರದ ತುಂಡು ಸಿಕ್ಕಿಕೊಂಡರೆ? ಮೋಟರ್ ಆದರೆ ಎಳೆದೂ ಎಳೆದೂ ಚೈನು ಹರಿಯುತ್ತದೆ, ಇಲ್ಲವೇ ಟ್ರಿಪ್ ಆಗುತ್ತದೆ. ನೀರಿನ ಚಕ್ರ ಸುಮ್ಮನೆ ನಿಲ್ಲುತ್ತದೆ, ನೀರು ಅದರ ಮೇಲಿಂದ ಹರಿದು ಹೋಗುತ್ತದೆ. ತುಂಡು ತೆಗೆದರೆ ತಾನೇ ಹೊರಡುತ್ತದೆ. ಆದರೆ ನಿಂತದ್ದು ಗೊತ್ತಾಗಲು ಬಾರಿಸುವ ಗಂಟೆಯೋ ಬಾವುಟವೋ ಇರಬೇಕು. ಪಕ್ಕದಲ್ಲಿ ಕೈಯಿಂದ ಬಾಚುವ ಇನ್ನೊಂದು ಸ್ಕ್ರೀನಿರುವ ಬೈಪಾಸ್ ಕಾಲುವೆಯೂ ಬೇಕೇ ಬೇಕು.

ತೀರಾ ಸಣ್ಣ ಘಟಕಕ್ಕೆ ಚಕ್ರವೂ ಬೇಡ, ಮಗುಚುವ ತೊಟ್ಟಿ ಸಾಕು ಅಂತ ನನ್ನ ಅಂದಾಜು. ಸ್ಕ್ರೀನಿನ ಹಿಂದೆ, ಮಾಮೂಲಿ ನೀರಿನ ಮಟ್ಟಕ್ಕಿಂತ 10 ಸೆಂಟಿಮೀಟರ್ ಮೇಲೆ, ಪಕ್ಕದ ಗೋಡೆಯಲ್ಲಿ ಅಗಲವಾದ ಕಂಡಿ ಬಿಡಬೇಕು. ಪೈಪ್ ಹಾಕಬೇಡಿ, ಅದೂ ಕಟ್ಟಿಕೊಳ್ಳುತ್ತದೆ. ಕಸ ಕಟ್ಟಿದಾಗ ನೀರು ಏರಿ ಆ ಕಂಡಿಯಿಂದ 50 ಲೀಟರಿನ ತೊಟ್ಟಿಗೆ ಬೀಳುತ್ತದೆ. ತುಂಬಿದ ತೊಟ್ಟಿ 1 ಮೀಟರ್ ಇಳಿಯುತ್ತಾ ಹಗ್ಗದಿಂದ ರೇಕನ್ನು ಮೇಲಕ್ಕೆ ಎಳೆಯುತ್ತದೆ, ತಳದಲ್ಲಿ ಮಗುಚಿ ಖಾಲಿಯಾಗುತ್ತದೆ, ಎದುರು ತೂಕ ಅದನ್ನು ವಾಪಸ್ ಎತ್ತುತ್ತದೆ. ಸ್ಕ್ರೀನ್ ಸ್ವಚ್ಛವಾದರೆ ನೀರು ಇಳಿಯುತ್ತದೆ, ಕಂಡಿ ಒಣಗುತ್ತದೆ, ತೊಟ್ಟಿ ಸುಮ್ಮನಿರುತ್ತದೆ. ಕಸ ಇದ್ದಾಗ ಮಾತ್ರ ಬಾಚುವ ಯಂತ್ರ, ಒಂದು ವೈರೂ ಇಲ್ಲ. ಇದನ್ನು ನಾನು ಮಾಡಿ ನೋಡಿಲ್ಲ, ಕಾಗದದ ಮೇಲಷ್ಟೇ ಇದೆ. ಹಗ್ಗ ಎಲ್ಲಿ ಉಜ್ಜುತ್ತದೆ ಎಂಬುದೇ ನನ್ನ ಚಿಂತೆ.

ನನ್ನ ಬೇಡಿಕೆ ದೊಡ್ಡದಲ್ಲ. ಘಟಕದ ನಕ್ಷೆ ಬರೆಯುವವರು ಸ್ಕ್ರೀನಿನಿಂದ ಮುಂದಿನ ತೊಟ್ಟಿಗೆ ನೀರು ಎಷ್ಟು ಇಳಿಯುತ್ತದೆ ಎಂದು ಒಮ್ಮೆ ನೋಡಲಿ. ಒಂದು ಮೀಟರ್ ಇದ್ದರೆ ಅಲ್ಲಿ ಕಾಂಕ್ರೀಟ್ ಹಾಕುವಾಗಲೇ ಚಕ್ರದ ಶಾಫ್ಟಿಗೆ ಎರಡು ಕಂಬ ಎಬ್ಬಿಸಿಬಿಡಲಿ. ಚಕ್ರ ಈಗಲೇ ಬೇಡ ಅಂದರೆ ಬೇಡ, ಕಂಬ ಅನ್ನ ಕೇಳುವುದಿಲ್ಲ. ಆಮೇಲೆ ಕಾಲುವೆ ಒಡೆದು ಕಂಬ ಹಾಕಲು ಯಾರೂ ಒಪ್ಪುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ನಮ್ಮ ಆ ಡ್ರಮ್ಮಿನ ಚಕ್ರದ ಅಳತೆ, ಮಗುಚುವ ತೊಟ್ಟಿಯ ಚಿತ್ರ ಎರಡೂ ನನ್ನ ಹತ್ತಿರ ಇವೆ. ಓದುಗರಲ್ಲಿ ಮಾಡಿ ನೋಡುವ ಉಮೇದು ಯಾರಿಗಾದರೂ ಇದ್ದರೆ ಪತ್ರಿಕೆಗೆ ಬರೆಯಲಿ, ನಿಮ್ಮ ಮೂಲಕ ಕಳಿಸುತ್ತೇನೆ. ಕೈಬರಹ ಸ್ವಲ್ಪ ಅಡ್ಡಾದಿಡ್ಡಿ, ಬೇರಿಂಗಿನ ಜಾಗದಲ್ಲಿ ಮೂರು ಸಲ ಹೊಡೆದುಹಾಕಿ ತಿದ್ದಿದ್ದೇನೆ. ಕೊನೆಯದ್ದನ್ನು ಹಿಡಿಯಬೇಕು.

ಇತಿ,
ಒಬ್ಬ ನಿವೃತ್ತ ಆಪರೇಟರ್