ಕೆಲಸ ಹೋದರೆ ಮರ್ಯಾದೆಯೂ ಹೋಗಬೇಕೇ?

ಮಾನ್ಯರೇ,

ಯಾರನ್ನಾದರೂ ಕೆಲಸದಿಂದ ತೆಗೆದರು ಅಂದರೆ ಸಾಕು, 'ಏನೋ ಮಾಡಿಕೊಂಡಿರಬೇಕು' ಎಂಬ ಮಾತು ಶುರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಕೊಡಗಿಗೆ ಪ್ರವಾಸಿಗರು ಬರುವುದೇ ನಿಂತಿತು. 2020ರಲ್ಲಿ ಲಾಕ್‌ಡೌನ್. ಆಗ ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ಕೆಲಸ ಕಳೆದುಕೊಂಡ ಅಡುಗೆಯವರು, ಡ್ರೈವರ್‌ಗಳು ಏನು ತಪ್ಪು ಮಾಡಿದ್ದರು?

ಕದ್ದು ಸಿಕ್ಕಿಬಿದ್ದವರ ಮಾತು ಬೇರೆ, ಬಿಡಿ. ಆದರೆ ಮ್ಯಾನೇಜರ್ ಜೊತೆ ಹೊಂದಿಕೆಯಾಗಲಿಲ್ಲ, ಬಾಕಿ ಸಂಬಳ ಕೇಳಿದರು, ಸೀಸನ್ ಮುಗಿಯಿತು ಎಂದೂ ಕೆಲಸ ಹೋಗುತ್ತದೆ ಅಲ್ವಾ? ನಮ್ಮದು ಪುಟ್ಟ ಜಿಲ್ಲೆ. ಮಡಿಕೇರಿಯಲ್ಲಿ ತೆಗೆದವರು ವಿರಾಜಪೇಟೆಯಲ್ಲಿ ಕೆಲಸ ಕೇಳಿದರೆ ಹಳೆ ಮಾಲೀಕರಿಗೆ ಒಂದು ಫೋನ್ ಹೋಗುತ್ತದೆ. ಅವರು ಹೇಳಿದ್ದೇ ವೇದವಾಕ್ಯ. ಎದುರಿಗೆ ಕೂತವರನ್ನು ಮಾತ್ರ ಯಾರೂ ಕೇಳುವುದಿಲ್ಲ!

ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕರನ್ನು ಆಳು ಜಾಸ್ತಿಯಾಯಿತೆಂದು ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಇದು ಕಾನೂನು. ಇಲ್ಲಿ ಎಷ್ಟೋ ಕಡೆ 'ನಾಳೆಯಿಂದ ಬರಬೇಡ' ಎಂಬ ಒಂದೇ ಮಾತಿಗೆ ಮುಗಿಯುತ್ತದೆ. ತೆಗೆಯುವವರು ಕಾರಣವನ್ನಾದರೂ ಬರೆದು ಕೊಡಲಿ. ಕಾರ್ಮಿಕ ಇಲಾಖೆ ಇದನ್ನು ಕಟ್ಟುನಿಟ್ಟಾಗಿ ನೋಡಬೇಕು.

– ಓದುಗ, ಸೋಮವಾರಪೇಟೆ