ಬಾಲದಲ್ಲಿ ನೇತಾಡುವ ಯೋಧನ ಬಗ್ಗೆ ಬರೆಯುವವಳಿಗೆ

ಮಾಟುಂಗಾ, ಮುಂಬಯಿ

ಪ್ರಿಯ ತಂಗೀ,

'ರಾಕೆಟ್ ನೈಟ್ ಅಡ್ವೆಂಚರ್ಸ್' ಎಂಬ ವಿಡಿಯೋ ಗೇಮ್ ಬಗ್ಗೆ ನೀನು ಕಳಿಸಿದ ವಿಮರ್ಶೆಯನ್ನು ಎರಡು ಸಲ ಓದಿದೆ. ಆಟವನ್ನು ಮನಸ್ಸಿಟ್ಟು ಆಡಿದ್ದೀಯ, ಅದು ಪ್ರತಿ ಪ್ಯಾರಾದಲ್ಲೂ ಗೊತ್ತಾಗುತ್ತದೆ. ಆದರೆ ಮೊದಲ ಪುಟದಲ್ಲಿ ಸೆಗಾ ಕಂಪನಿಯ ಆಟದ ಹೆಡ್ಜ್‌ಹಾಗ್ ಪ್ರಾಣಿ ಸೋನಿಕ್ ಹೆಸರು ಏಳು ಸಲ ಬಂದಿದೆ, ಈ ಆಟದ ನಾಯಕ ಸ್ಪಾರ್ಕ್‌ಸ್ಟರ್ ಹೆಸರು ಎರಡೇ ಸಲ. ಈ ಆಟಕ್ಕೆ ಮೂವತ್ತು ವರ್ಷದಿಂದ ಆಗುತ್ತಾ ಬಂದಿರುವ ಅನ್ಯಾಯವೂ ಇದೇ.

ಹಿನ್ನೆಲೆಯನ್ನು ನಾಲ್ಕು ಸಾಲಿನಲ್ಲಿ ಮುಗಿಸು. 1991ರಲ್ಲಿ ಸೋನಿಕ್ ಗೆದ್ದ ಮೇಲೆ ಕಂಪನಿಗಳೆಲ್ಲ ಒಂದೊಂದು ಪ್ರಾಣಿಯನ್ನು ಹಿಡಿದು ತಂದವು. 1993 ಒಂದರಲ್ಲೇ ಬಬ್ಸಿ ಎಂಬ ಕಾಡುಬೆಕ್ಕು, ಏರೋ ಎಂಬ ಬಾವಲಿ, ಆಸಮ್ ಪಾಸಮ್ ಎಂಬ ಒಪೋಸಮ್ (ಅಮೆರಿಕದ ಒಂದು ಹೊಟ್ಟೆಚೀಲದ ಪ್ರಾಣಿ) ಬಂದವು. ಕೊನಾಮಿಯ ಸ್ಪಾರ್ಕ್‌ಸ್ಟರ್ ಕೂಡ ಅದೇ ವರ್ಷ ಸೆಗಾದ ಮೆಗಾ ಡ್ರೈವ್ ಎಂಬ ಆಟದ ಯಂತ್ರಕ್ಕೆ ಬಂದವನು, ಅವನೂ ಒಪೋಸಮ್ಮೇ. ಗುಂಪಿನಲ್ಲಿ ಗೋವಿಂದ ಅಂತ ಅವನನ್ನೂ ಆ ಸಾಲಿಗೆ ಸೇರಿಸಿ ಮರೆತುಬಿಟ್ಟರು. ಇಷ್ಟು ಹೇಳಿ ಮುಂದೆ ಹೋಗು. ಓದುಗರಿಗೆ ಬೇಕಾಗಿರುವುದು ಇವನ ಆಟವನ್ನು ಆಡುವಾಗ ಕೈಗೆ ಏನಾಗುತ್ತದೆ ಅನ್ನುವುದು. ನಿನ್ನ ಬರಹದಲ್ಲಿ ಅದು ಮೂರನೇ ಪುಟದಲ್ಲಿ, ಅದೂ 'ಕಂಟ್ರೋಲ್ ಚೆನ್ನಾಗಿದೆ' ಎಂಬ ಎರಡು ಪದಗಳಲ್ಲಿ ಮುಗಿದುಹೋಗಿದೆ.

ಕೈಯ ಕೆಲಸ ನೋಡು. ಸೋನಿಕ್‌ನಲ್ಲಿ ವೇಗ ಹುಟ್ಟುವುದು ಇಳಿಜಾರಿನಿಂದ. ಓಡಬೇಕು, ಓಟ ಕೂಡಿಸಬೇಕು, ಕೂಡಿಸಿದ್ದನ್ನು ಕಳೆದುಕೊಳ್ಳಬಾರದು. ಸ್ಪಾರ್ಕ್‌ಸ್ಟರ್ ಹಾಗಲ್ಲ. ಕವಚ ತೊಟ್ಟವನು, ಸಾಮಾನ್ಯ ನಡಿಗೆಯವನು. ಕತ್ತಿ ಬೀಸುವ ಬಟನ್ನನ್ನೇ ಒತ್ತಿ ಹಿಡಿದರೆ ಬೆನ್ನಿನ ರಾಕೆಟ್‌ಗೆ ಶಕ್ತಿ ತುಂಬುತ್ತದೆ. ತುಂಬಿದ ಮೇಲೆ ದಿಕ್ಕು ಒತ್ತಿಕೊಂಡು ಬಟನ್ ಬಿಟ್ಟರೆ ಆ ದಿಕ್ಕಿಗೆ ಬಾಣದ ಹಾಗೆ ಹೋಗುತ್ತಾನೆ. ದಿಕ್ಕು ಒತ್ತದೆ ಬಿಟ್ಟರೆ ನಿಂತಲ್ಲೇ ಗಿರಗಿರ ತಿರುಗಿ ಸುತ್ತಲಿನವರನ್ನು ಹೊಡೆಯುತ್ತಾನೆ. ಗೋಡೆಗೆ ಬಡಿದರೆ ಪುಟಿದು ವಾಪಸು ಬರುತ್ತಾನೆ. ಕೊಂಬೆ ಸಿಕ್ಕರೆ ಬಾಲದಲ್ಲಿ ನೇತು ಬೀಳುತ್ತಾನೆ.

ಇದರಲ್ಲಿ ಎತ್ತಿ ತೋರಿಸಬೇಕಾದದ್ದು ಒಂದು: ಕತ್ತಿಗೂ ರಾಕೆಟ್‌ಗೂ ಒಂದೇ ಬಟನ್. ಶಕ್ತಿ ತುಂಬುತ್ತಿರುವಷ್ಟು ಹೊತ್ತು ಕತ್ತಿ ಬೀಸಲಾಗುವುದಿಲ್ಲ. ಅಂದರೆ ಹಾರಬೇಕು ಅಂತ ತೀರ್ಮಾನಿಸಿದ ಕ್ಷಣದಿಂದ ಹಾರುವ ಕ್ಷಣದವರೆಗೆ ನೀನು ನಿರಾಯುಧಳು. ಆಟದ ಇಡೀ ಲೆಕ್ಕಾಚಾರ ಈ ಒಂದು ಬಟನ್ನಿನಲ್ಲಿದೆ. ನಮ್ಮ ಊರಿನ ಓದುಗರಿಗೆ ಹೇಳುವುದಾದರೆ, ಫಾಸ್ಟ್ ಲೋಕಲ್‌ನಲ್ಲಿ ದಾದರಿಗೆ ಇಳಿಯುವವರು ಭಾಯ್ಖಳಾ ಬಿಟ್ಟ ಕೂಡಲೇ ಬಾಗಿಲ ಕಡೆ ಸರಿದು ನಿಲ್ಲುವ ಹಾಗೆ, ಇಲ್ಲಿ ಮುಂದಿನ ಅಡಚಣೆಗೆ ಈಗಲೇ ಬೆರಳು ಸಿದ್ಧವಾಗಬೇಕು. ದಾದರ್ ಬಂದ ಮೇಲೆ ಎದ್ದರೆ ಕುರ್ಲಾದಲ್ಲೇ ಇಳಿಯಬೇಕಾಗುತ್ತದೆ.

1994ರಲ್ಲಿ ಮೆಗಾ ಡ್ರೈವ್‌ಗೇ ಬಂದ ಎರಡನೇ ಆಟ 'ಸ್ಪಾರ್ಕ್‌ಸ್ಟರ್'ನಲ್ಲಿ ಶಕ್ತಿ ತಾನಾಗಿಯೇ ತುಂಬುತ್ತದೆ, ರಾಕೆಟ್‌ಗೆ ಬೇರೆ ಬಟನ್ ಕೊಟ್ಟಿದ್ದಾರೆ. ಅನುಕೂಲವಾಯಿತು, ನಿಜ. ಆದರೆ ಆ ನಿರಾಯುಧ ಕ್ಷಣದ ಆತಂಕ ಹೋಯಿತು, ಅದರ ಜೊತೆಗೆ ಮೊದಲ ಆಟದ ಜೀವವೂ ಹೋಯಿತು ಅಂತ ನನ್ನ ಖಚಿತ ಅಭಿಪ್ರಾಯ. ಇಲ್ಲೊಂದು ಗುಂಡಿ ಇದೆ, ಬೀಳಬೇಡ: ಅದೇ 1994ರಲ್ಲಿ ಸೂಪರ್ ನಿಂಟೆಂಡೋಗೂ 'ಸ್ಪಾರ್ಕ್‌ಸ್ಟರ್' ಹೆಸರಿನಲ್ಲೇ ಒಂದು ಆಟ ಬಂತು. ಹೆಸರು ಒಂದೇ, ಆಟ ಬೇರೆ, ಹಂತಗಳೂ ಬೇರೆ. ನಿನ್ನ ಲೇಖನದ ನಾಲ್ಕನೇ ಪುಟದಲ್ಲಿ ಇವೆರಡೂ ಕಲಸಿಹೋಗಿವೆ.

ಇನ್ನು ಅಳತೆ. 'ಶಕ್ತಿ ತುಂಬಲು ಸ್ವಲ್ಪ ಹೊತ್ತು ಹಿಡಿಯುತ್ತದೆ' ಅಂತ ಬರೆದಿದ್ದೀಯ. ಎಷ್ಟು ಹೊತ್ತು? ಅಳೆಯುವುದು ಕಷ್ಟವೇನಲ್ಲ. ಆಟವನ್ನು ಸೆಕೆಂಡಿಗೆ 60 ಫ್ರೇಮ್‌ನಂತೆ, ಅಂದರೆ 60 ಬಿಡಿ ಚಿತ್ರಗಳಂತೆ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡು. 30ರಲ್ಲಿ ಮಾಡಿದರೆ ಅರ್ಧ ಫ್ರೇಮ್‌ಗಳು ಕಳೆದುಹೋಗಿ ಎಣಿಕೆಗೆ ಅರ್ಥವಿರುವುದಿಲ್ಲ. ಆ ಫೈಲನ್ನು ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರಿನಲ್ಲಿ ತೆರೆದು ಕೀಬೋರ್ಡಿನ ಇಂಗ್ಲಿಷ್ 'ಇ' (E) ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಪರದೆಯ ಮೇಲಿನ ಶಕ್ತಿಯ ಮೀಟರ್ ಏರಲು ಶುರುವಾದ ಫ್ರೇಮ್‌ನಿಂದ ತುಂಬಿದ ಫ್ರೇಮ್‌ವರೆಗೆ ಎಣಿಸಿ 60ರಿಂದ ಭಾಗಿಸು. 45 ಬಂತು ಅಂತಿಟ್ಟುಕೋ, ಮುಕ್ಕಾಲು ಸೆಕೆಂಡು. ಒಂದೇ ಸಲ ಎಣಿಸಿ ಬಿಡಬೇಡ, ಐದು ಸಲ ಮಾಡು. ಐದೂ ಒಂದೇ ಬಂದರೆ ಬರೆ. ಬರದಿದ್ದರೆ ರೆಕಾರ್ಡಿಂಗ್‌ನಲ್ಲಿ ಫ್ರೇಮ್ ಬಿದ್ದುಹೋಗುತ್ತಿವೆ, ಮೊದಲು ಅದನ್ನು ಸರಿಮಾಡು.

'ಬಟನ್ ಒತ್ತಿದರೆ ತಡವಾಗಿ ಪ್ರತಿಕ್ರಿಯಿಸುತ್ತದೆ' ಎಂದು ಆಟವನ್ನು ದೂರಿದ್ದೀಯಲ್ಲ, ಅದನ್ನು ಸದ್ಯಕ್ಕೆ ತೆಗೆದಿಡು. ತಡ ಆಟದ್ದೋ ನಿನ್ನ ಟಿವಿಯದ್ದೋ ಮೊದಲು ಗೊತ್ತಾಗಬೇಕು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಅಂದರೆ ಸೆಕೆಂಡಿಗೆ 240 ಫ್ರೇಮ್‌ನಲ್ಲಿ, ನಿನ್ನ ಹೆಬ್ಬೆರಳು ಮತ್ತು ಪರದೆ ಎರಡೂ ಕಾಣುವ ಹಾಗೆ ವಿಡಿಯೋ ತೆಗೆ. ಬೆರಳು ಜಿಗಿಯುವ ಬಟನ್ ಅದುಮಿದ ಕ್ಷಣದಿಂದ ಪರದೆಯ ಮೇಲೆ ಅವನು ನೆಲ ಬಿಡುವವರೆಗೆ ಫ್ರೇಮ್ ಎಣಿಸು. ಒಂದು ಫ್ರೇಮ್ ಅಂದರೆ ಸುಮಾರು 4.2 ಮಿಲಿಸೆಕೆಂಡು. 24 ಫ್ರೇಮ್ ಬಂದರೆ 100 ಮಿಲಿಸೆಕೆಂಡು, ಸೆಕೆಂಡಿನ ಹತ್ತನೇ ಒಂದು ಭಾಗ. ಆಮೇಲೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ವೈರ್‌ಲೆಸ್ ಬಿಟ್ಟು ವೈರಿರುವ ಕಂಟ್ರೋಲರ್ ಹಿಡಿದು ಮತ್ತೆ ಎಣಿಸು. ಸಂಖ್ಯೆ ಗಣನೀಯವಾಗಿ ಇಳಿದರೆ ತಪ್ಪು ಸ್ಪಾರ್ಕ್‌ಸ್ಟರ್‌ನದ್ದಲ್ಲ. ಹಳೆಯ ಆಟಗಳ ಎಷ್ಟೋ ವಿಮರ್ಶೆಗಳು ಆಟದ ಬದಲು ಟಿವಿಯನ್ನೇ ವಿಮರ್ಶೆ ಮಾಡಿ ಕೂತಿವೆ, ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಯಾವ ಆವೃತ್ತಿ ಆಡಿದೆ ಅನ್ನುವುದನ್ನು ಕಡ್ಡಾಯವಾಗಿ ಬರೆ. ಜಪಾನ್, ಅಮೆರಿಕದ ಯಂತ್ರಗಳು ಸೆಕೆಂಡಿಗೆ 60 ಸಲ ಚಿತ್ರ ಬಿಡಿಸುತ್ತವೆ, ಯುರೋಪಿನ ಪಾಲ್ (ಅಲ್ಲಿನ ಟಿವಿ ಪದ್ಧತಿ) ಯಂತ್ರ 50 ಸಲ. ತಯಾರಕರು ಬೇರೆಯಾಗಿ ಹೊಂದಿಸದಿದ್ದರೆ 60ರಲ್ಲಿ ಒಂದು ನಿಮಿಷ ಹಿಡಿಯುವ ಭಾಗಕ್ಕೆ 50ರಲ್ಲಿ 72 ಸೆಕೆಂಡು ಬೇಕು. ಸಂಗೀತವೂ ಎಳೆದ ಹಾಗೆ ಕೇಳುತ್ತದೆ. 'ನಿಧಾನಗತಿಯ ಆಟ' ಎಂಬ ನಿನ್ನ ಮಾತು ಪಾಲ್ ಆವೃತ್ತಿಯಿಂದ ಬಂದಿದ್ದರೆ ಅದು ಆಟದ ಗುಣವೇ ಅಲ್ಲ. 2024ರಲ್ಲಿ ಮೂರೂ ಹಳೆಯ ಆಟಗಳು ಒಂದೇ ಸಂಗ್ರಹವಾಗಿ ಮತ್ತೆ ಬಂದಿವೆ. ಅದರಲ್ಲಿ ಹಿಂದಕ್ಕೆ ಸುತ್ತುವ ಸೌಲಭ್ಯ ಇದೆ. ಅಭ್ಯಾಸಕ್ಕೆ ಬಳಸು, ಆದರೆ ಕಷ್ಟದ ಬಗ್ಗೆ ಬರೆಯುವ ಮೊದಲು ಒಂದು ಸಲವಾದರೂ ಅದನ್ನು ಮುಟ್ಟದೆ ಕೊನೆಯವರೆಗೆ ಆಡು. ಯಾವ ಕಷ್ಟದ ಮಟ್ಟದಲ್ಲಿ ಆಡಿದೆ ಅಂತಲೂ ಹೇಳು.

ಈಗ ಆ ಲಾವಾ ಗುಹೆಗೆ ಬರೋಣ. ಇದನ್ನು ನೀನು 'ಗ್ರಾಫಿಕ್ಸ್ ಅದ್ಭುತ' ಅಂದು ದಾಟಿಬಿಟ್ಟಿದ್ದೀಯ, ಅದಕ್ಕೇ ಈ ಪತ್ರ ಉದ್ದವಾಯಿತು. ಅಲ್ಲಿ ಒಂದು ಕಡೆ ಮುಂದಿನ ಬಂಡೆ ಅಡ್ಡ ಬಂದು ಸ್ಪಾರ್ಕ್‌ಸ್ಟರ್ ಮರೆಯಾಗುತ್ತಾನೆ. ಅವನು ಕಾಲಿಡಬೇಕಾದ ಕಲ್ಲುಗಳೂ ಮರೆ. ಕಾಣುವುದು ಕೆಳಗಿನ ಲಾವಾದಲ್ಲಿ ಬಿದ್ದ ಪ್ರತಿಬಿಂಬ ಮಾತ್ರ. ಅದನ್ನೇ ನೋಡಿಕೊಂಡು ಹಾರಬೇಕು. ಪ್ರತಿಬಿಂಬ ತಲೆಕೆಳಗು, ಹಾಗಾಗಿ ನೀನು ಮೇಲೆ ಹಾರಿದರೆ ಅವನು ಕೆಳಗೆ ಇಳಿಯುತ್ತಾನೆ. ಎಡಬಲ ಮಾತ್ರ ಸರಿಯಾಗಿಯೇ ಇರುತ್ತದೆ. ಮೊದಲ ಕೆಲವು ಹಾರುಗಳಲ್ಲಿ ಹೆಬ್ಬೆರಳು ತಡವರಿಸುತ್ತದೆ, ಆಮೇಲೆ ಕಣ್ಣು ತಿರುವುಮುರುವನ್ನು ಒಪ್ಪಿಕೊಳ್ಳುತ್ತದೆ. ಹದಿನಾರು ಬಿಟ್‌ನ ಕಾಲದಲ್ಲಿ ಚಂದಕ್ಕಾಗಿ ನೀರಿನಲ್ಲಿ ನೆರಳು ಬಿಡಿಸಿದ ಆಟಗಳು ಇದ್ದವು. ಇಲ್ಲಿ ಆ ನೆರಳೇ ದಾರಿ. ಮೆಗಾ ಡ್ರೈವ್‌ನ ಚಿತ್ರದ ಚಿಪ್ ಯಾವ ಸ್ಪ್ರೈಟನ್ನಾದರೂ (ಪರದೆಯ ಮೇಲೆ ಓಡಾಡುವ ಪಾತ್ರ, ವಸ್ತುಗಳ ಚಿತ್ರ) ತಲೆಕೆಳಗು ಮಾಡಿ ತೋರಿಸಬಲ್ಲದು, ಅದಕ್ಕೆ ಬೇರೆ ಚಿತ್ರ ಬರೆದಿಡಬೇಕಾಗಿಲ್ಲ. ಎಲ್ಲ ಆಟದವರ ಕೈಗೂ ಸಿಕ್ಕಿದ್ದ ಆ ಸೌಲಭ್ಯ ಒಗಟಾಗಿ ಅರಳುವುದನ್ನು ಇಲ್ಲಿ ನೋಡಬಹುದು. ಈ ಒಂದು ಜಾಗಕ್ಕೆ ನಿನ್ನ ಲೇಖನದಲ್ಲಿ ಪೂರ್ತಿ ಒಂದು ಪುಟ ಕೊಡು. ಸೋನಿಕ್‌ನ ಏಳು ವಾಕ್ಯ ತೆಗೆದರೆ ಜಾಗ ಆಗುತ್ತದೆ.

ಚಿತ್ರ ಮಿಣುಕುವುದನ್ನೂ ಆಟ ನಿಧಾನವಾಗುವುದನ್ನೂ ನೀನು ಒಟ್ಟಿಗೆ 'ಲ್ಯಾಗ್' ಅಂದಿದ್ದೀಯ. ಎರಡಕ್ಕೂ ಕಾರಣ ಬೇರೆ. ಈ ಯಂತ್ರ 320 ಪಿಕ್ಸೆಲ್ ಅಗಲದ ಪರದೆಯಲ್ಲಿ ಒಟ್ಟು 80 ಸ್ಪ್ರೈಟ್ ತೋರಿಸಬಲ್ಲದು, ಆದರೆ ಒಂದು ಅಡ್ಡಗೆರೆಯ ಮೇಲೆ 20 ಮಾತ್ರ. ಇಪ್ಪತ್ತು ದಾಟಿದರೆ ಉಳಿದವು ಆ ಗೆರೆಯಲ್ಲಿ ಮಾಯವಾಗುತ್ತವೆ, ಅದು ಮಿಣುಕು. ಪ್ರೊಸೆಸರ್‌ಗೆ ಒಂದು ಫ್ರೇಮ್‌ನ ಸಮಯದಲ್ಲಿ ಲೆಕ್ಕ ಮುಗಿಸಲಾಗದಿದ್ದರೆ ಆಟವೇ ನಿಧಾನವಾಗುತ್ತದೆ, ಅದು ಸ್ಲೋಡೌನ್. ಯಾವುದನ್ನು ಎಲ್ಲಿ ಕಂಡೆ ಅಂತ ಹಂತದ ಹೆಸರು ಹಿಡಿದು ಬರೆ.

ನಿರ್ದೇಶಕ ನೊಬುಯಾ ನಕಜಾಟೋ ಅವರನ್ನು ನೀನು ಹೆಸರಿಸಿಯೇ ಇಲ್ಲ. 1992ರ ಗುಂಡಿನ ಕಾಳಗದ ಆಟ 'ಕಾಂಟ್ರಾ 3' ಅವರದೇ, 1994ರ 'ಕಾಂಟ್ರಾ: ಹಾರ್ಡ್ ಕೋರ್' ಕೂಡ. ಇದನ್ನು ಹೇಳಿದರೆ ಆಟದ ಸ್ವಭಾವ ತಾನಾಗಿ ಬಿಡಿಸಿಕೊಳ್ಳುತ್ತದೆ: ಹಂತಕ್ಕೊಂದು ಬಾಸ್, ಅಂದರೆ ದೊಡ್ಡ ಎದುರಾಳಿ, ಸಾಲದೆ ನಡುನಡುವೆ ಇನ್ನೂ ಬಾಸ್‌ಗಳು, ಹಂದಿಗಳ ಸೈನ್ಯದ ದೈತ್ಯ ಯಂತ್ರಗಳು, ಎದುರಾಳಿ ಆಕ್ಸೆಲ್ ಗಿಯರ್ ಜೊತೆ ಭಾರಿ ರೋಬೋಟ್‌ಗಳ ಒಳಗೆ ಕೂತು ನಡೆಸುವ ಮುಷ್ಟಿಯುದ್ಧ. ಕಾಂಟ್ರಾ ಹೆಸರು ಕೇಳಿದರೆ ನಮ್ಮಲ್ಲಿ ಮೂವತ್ತೈದು ದಾಟಿದ ಎಷ್ಟೋ ಜನರ ಬೆರಳು ಈಗಲೂ ಚುರುಕಾಗುತ್ತದೆ, ಅವರಿಗೆ ಸ್ಪಾರ್ಕ್‌ಸ್ಟರ್‌ನನ್ನು ಪರಿಚಯಿಸಲು ಸೋನಿಕ್‌ಗಿಂತ ಹತ್ತಿರದ ದಾರಿ ಇದು. ಆದರೆ ಅವರು 8 ಬಿಟ್‌ನಲ್ಲಿ ಆಡಿದ ಕಾಂಟ್ರಾ ಬೇರೆ, ಅದನ್ನು ನಕಜಾಟೋ ಅವರಿಗೆ ಕಟ್ಟಬೇಡ.

ಪದಗಳ ವಿಷಯ ಎರಡು ಮಾತು. ಒಪೋಸಮ್‌ಗೆ ಕನ್ನಡದಲ್ಲಿ ಹೆಸರಿಲ್ಲ, ನಮ್ಮ ನಾಡಿನಲ್ಲಿ ಆ ಪ್ರಾಣಿಯೇ ಇಲ್ಲ. ನೀನು 'ಅಳಿಲು' ಅಂದಿದ್ದೀಯ, ಅದು ತಪ್ಪು. 'ಅಮೆರಿಕ ಖಂಡಗಳ ಒಪೋಸಮ್, ಕಾಂಗರೂವಿನ ಹಾಗೆ ಹೊಟ್ಟೆಚೀಲದಲ್ಲಿ ಮರಿ ಸಾಕುವ ಪ್ರಾಣಿ' ಎಂದು ಒಮ್ಮೆ ಹೇಳಿ ಆಮೇಲೆ ಒಪೋಸಮ್ ಅಂತಲೇ ಬರೆ. ಬಾಲದಲ್ಲಿ ಕೊಂಬೆ ಹಿಡಿಯುವುದು ಆ ಪ್ರಾಣಿಯಿಂದಲೇ ಬಂದ ಗುಣ, ಅಳಿಲು ಅಂದರೆ ಆ ಎಳೆ ಕಡಿದುಹೋಗುತ್ತದೆ. ಇನ್ನೊಂದು, 'ಕಾರ್ಟ್ರಿಜ್' ಅಂತ ಬರೆದಲ್ಲೆಲ್ಲ 'ಕ್ಯಾಸೆಟ್' ಅಂತ ಮಾಡು. ನಮ್ಮವರ ಬಾಯಲ್ಲಿ ಇರುವುದು ಅದೇ.

ಕೊರತೆಗಳನ್ನು ಮುಚ್ಚಿಡಬೇಡ, ಪ್ರೀತಿಯ ಆಟವಾದರೂ. ಇಕ್ಕಟ್ಟಿನ ಜಾಗದಲ್ಲಿ ಗೋಡೆಗೆ ಬಡಿದು ಪುಟಿದಾಗ ಎಲ್ಲಿ ಬೀಳುತ್ತೇವೆ ಅನ್ನುವುದು ಎಷ್ಟೋ ಸಲ ನಮ್ಮ ಕೈಯಲ್ಲಿರುವುದಿಲ್ಲ. ಆಕಾಶದಲ್ಲಿ ಹಾರುತ್ತಾ ಗುಂಡು ಹೊಡೆಯುವ ಭಾಗಗಳು ಆಕರ್ಷಕ, ಆದರೆ ಅಲ್ಲಿ ರಾಕೆಟ್ ತುಂಬಿ ಬಿಡುವ ಆ ಲೆಕ್ಕಾಚಾರ ಹಿಂದೆ ಸರಿಯುತ್ತದೆ. ಇವೆರಡನ್ನು ನೀನು ಗಮನಿಸಿಯೇ ಇರುತ್ತೀಯ.

ಫೋಟೋಗಳು ಅಡ್ಡಕ್ಕೆ ಎಳೆದ ಹಾಗೆ ಇವೆ, ಸ್ಪಾರ್ಕ್‌ಸ್ಟರ್ ಊದಿಕೊಂಡಿದ್ದಾನೆ. ಮೂಲ ಚಿತ್ರ 320 ಅಡ್ಡ, 224 ಉದ್ದ. ಹಳೆಯ ಟಿವಿಯಲ್ಲಿ ಅದು 4:3 ಆಕಾರದಲ್ಲಿ ಕಾಣುತ್ತಿತ್ತು. ಉದ್ದವನ್ನು ಮೂರು ಪಟ್ಟು ಮಾಡಿ 672, ಅಗಲ 896 ಇಟ್ಟುಕೋ. ಪಿಎನ್‌ಜಿಯಲ್ಲಿ ಉಳಿಸು, ಜೆಪೆಗ್ ಮಾಡಿದರೆ ಪಿಕ್ಸೆಲ್ ಅಂಚುಗಳಲ್ಲಿ ಕೊಳೆ ಹಿಡಿದಂತೆ ಕಾಣುತ್ತದೆ.

ಹಳೆಯ ಮೆಗಾ ಡ್ರೈವ್ ಒಂದು ಸಿಕ್ಕಿದೆ, ಅಡಾಪ್ಟರ್ ಇಲ್ಲ ಅಂದಿದ್ದೀಯಲ್ಲ. ಸಿಕ್ಕಿದ್ದನ್ನು ಚುಚ್ಚಬೇಡ. ಮೊದಲ ಮಾದರಿಗೆ 9 ವೋಲ್ಟ್ ಡಿಸಿ, 1.2 ಆಂಪಿಯರ್, ಪಿನ್ನಿನ ನಡುಭಾಗ ನೆಗೆಟಿವ್. ಎರಡನೇ ಮಾದರಿಗೆ 10 ವೋಲ್ಟ್, 0.85 ಆಂಪಿಯರ್, ನಡುಭಾಗ ಪಾಸಿಟಿವ್, ಪಿನ್ನೂ ಸಣ್ಣದು. ಪೋಲಾರಿಟಿ ತಿರುಗಿದರೆ ಯಂತ್ರ ಸುಡಬಹುದು. ಜಪಾನಿನ ಅಡಾಪ್ಟರ್ 100 ವೋಲ್ಟಿನದು, ನಮ್ಮ 230ಕ್ಕೆ ಹಾಕಿದರೆ ಅದೇ ಸುಟ್ಟುಹೋಗುತ್ತದೆ. ಮೊದಲ ಮಾದರಿಯಾದರೆ ಹಿಂದಿನ ವಿಡಿಯೋ ತಂತಿಯಲ್ಲಿ ಮೋನೋ ಶಬ್ದ ಮಾತ್ರ ಬರುತ್ತದೆ, ಸ್ಟೀರಿಯೋ ಬೇಕಾದರೆ ಮುಂದಿನ ಹೆಡ್‌ಫೋನ್ ತೂತಿನಿಂದ ತೆಗೆದುಕೊಳ್ಳಬೇಕು. ಸಂಗೀತದ ಬಗ್ಗೆ ಬರೆಯುವ ಮುಂಚೆ ಹಾಗೆ ಒಮ್ಮೆ ಕೇಳು. ಕ್ಯಾಸೆಟ್ ಹಿಡಿಯದಿದ್ದರೆ ಬಾಯಿಂದ ಊದಬೇಡ, ಎಂಜಲಿನ ತೇವಕ್ಕೆ ಅದರ ಲೋಹದ ಕಾಲುಗಳು ಕಿಲುಬು ಹಿಡಿಯುತ್ತವೆ, ಅದರ ಮೇಲೆ ನಮ್ಮ ಮುಂಬಯಿಯ ಮಳೆಗಾಲ ಬೇರೆ. ಕಿವಿ ಒರೆಸುವ ಹತ್ತಿಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಕಾಲುಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕು.

ಅಡಾಪ್ಟರ್ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ, ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೋಗಬಹುದು. ಯಂತ್ರವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗು, ಅಂಗಡಿಯವರಿಗೆ ಹೇಳಿ ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್, ಪೋಲಾರಿಟಿ ಎರಡನ್ನೂ ನಿನ್ನ ಕಣ್ಣೆದುರೇ ನೋಡಿಸಿಕೊಂಡು ತಗೋ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹೋಗಿ ಬಾ. ಫ್ರೇಮ್ ಎಣಿಕೆ ಮುಗಿದ ಮೇಲೆ ಲಾವಾ ಗುಹೆಯ ಪುಟವನ್ನು ಮೊದಲು ಬರೆದು ಕಳಿಸು, ಉಳಿದದ್ದು ಆಮೇಲೆ.

ನಿನ್ನ ಅಣ್ಣ