ಕಣದ ಭತ್ತ ನಿಂತಿದೆ, ದಾಸೋಹದ ಒಲೆ ನಿಲ್ಲಬಾರದು

ಮಾನ್ಯರೇ,

ತಿರುಮಕೂಡಲು ನರಸೀಪುರದ ಬಸ್ ನಿಲ್ದಾಣದಲ್ಲಿ ಬೆಳಗಿನ ಮೊದಲ ಬಸ್ಸುಗಳಿಂದ ಇಳಿಯುವ ಕಾಲೇಜು ಮಕ್ಕಳನ್ನು ನೀವು ನೋಡಿರುತ್ತೀರಿ. ತಲಕಾಡು, ಮೂಗೂರು, ಸೋಸಲೆ ಕಡೆಯ ರೈತರ, ಕೂಲಿಕಾರರ ಮಕ್ಕಳು. ಮನೆಯಲ್ಲಿ ಒಲೆ ಹತ್ತುವ ಮೊದಲೇ ಹೊರಟು ಬಂದವರು ಎಷ್ಟೋ ಜನ. ಹತ್ತನೆಯ ತರಗತಿಯವರೆಗೆ ಶಾಲೆಯಲ್ಲಿ ಬಿಸಿಯೂಟವಿತ್ತು. ಪಿಯುಸಿಗೆ ಬಂದೊಡನೆ ಅದು ನಿಂತಿತು, ಹಸಿವು ನಿಲ್ಲಲಿಲ್ಲ. ಸಂಗಮದ ಬಳಿಯ ನಮ್ಮ ದಾಸೋಹದಲ್ಲಿ ಮಧ್ಯಾಹ್ನದ ಪಂಕ್ತಿಗೆ ಕೂರುವವರು ಈ ಮಕ್ಕಳೇ.

ಈ ಒಲೆಯನ್ನು ಇಷ್ಟು ಕಾಲ ಉರಿಸಿದ್ದು ಕಣದ ಭತ್ತ. ಕಾವೇರಿ, ಕಬಿನಿ ಕೂಡುವ ಸೀಮೆ ಇದು. ಮಾಧವಮಂತ್ರಿ ನಾಲೆಯ ಗದ್ದೆಗಳಲ್ಲಿ ಸುಗ್ಗಿ ಬಂತೆಂದರೆ, ರಾಶಿ ಪೂಜೆ ಮುಗಿಸಿ ಮೂಟೆ ಕಟ್ಟುವ ಮುನ್ನ ದೇವರ ಪಾಲೆಂದು ಒಂದೆರಡು ಮೊರ ತೆಗೆದಿಡುತ್ತಿದ್ದರು. ನಮ್ಮವರು ಗಾಡಿ ಕಟ್ಟಿಕೊಂಡು ಕಣದಿಂದ ಕಣಕ್ಕೆ ಹೋದರೆ ವರ್ಷದ ಅಕ್ಕಿಯಾಗುತ್ತಿತ್ತು. ಈಗ ಕಟಾವು ಯಂತ್ರ ಗದ್ದೆಗೇ ಇಳಿಯುತ್ತದೆ, ಭತ್ತ ಅಲ್ಲಿಂದಲೇ ಟ್ರ್ಯಾಕ್ಟರ್ ಏರಿ ಗಿರಣಿ ಸೇರುತ್ತದೆ. ಕಣವೇ ಇಲ್ಲದ ಮೇಲೆ ಕಣದ ಪಾಲು ಎಲ್ಲಿಂದ ಬರಬೇಕು? ರೈತರ ಮನಸ್ಸು ಸಣ್ಣದಾಯಿತೆಂದು ಯಾರೂ ಭಾವಿಸಬಾರದು. ಆಳು ಸಿಗದೆ ಯಂತ್ರ ತರಿಸಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರುತ್ತಿರುವವರು ಅವರು. ನಾಲೆಗೆ ನೀರು ತಡವಾದ ವರ್ಷ ಅವರ ಕಣಜವೇ ತುಂಬುವುದಿಲ್ಲ.

ಆದ್ದರಿಂದ ಈ ಬಾರಿ ಊರಿನ ಆಚೆಗೂ ಕೈ ಚಾಚುತ್ತಿದ್ದೇವೆ. ಇಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳಕ್ಕೆ ಲಕ್ಷಾಂತರ ಜನ ಬರುತ್ತಾರೆ, ಆಗ ಕೊಡುವ ಕೈಗಳೂ ಬಹಳ. ನಾವು ಬೇಡುತ್ತಿರುವುದು ಮೇಳವಿಲ್ಲದ ದಿನಗಳಿಗಾಗಿ. ಈ ಊರಿನ ದೇವರಾದ ಗುಂಜಾನರಸಿಂಹನ ಬೆರಳುಗಳ ನಡುವೆ ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಅಷ್ಟು ತೂಕ ಹೆಚ್ಚೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಗುಲಗಂಜಿಗೂ ತೂಕವಿರುವ ಊರಿನಲ್ಲಿ ಯಾವ ಕಾಣಿಕೆಯೂ ಸಣ್ಣದಲ್ಲ.

ಬೆಂಗಳೂರು, ಮೈಸೂರಿನಲ್ಲಿ ನೆಲೆಸಿರುವ ಈ ಸೀಮೆಯವರು ತಂದೆತಾಯಿಯ ನೆನಪಿಗೆ, ಮಕ್ಕಳ ಹುಟ್ಟುಹಬ್ಬಕ್ಕೆ ಒಂದು ದಿನದ ಊಟ ವಹಿಸಿಕೊಳ್ಳಬಹುದು. ಅಕ್ಕಿ, ತೊಗರಿಬೇಳೆ, ಎಣ್ಣೆ ಯಾವುದಾದರೂ ಸರಿ. ಹಣವಾದರೆ ದಾಸೋಹದ ಖಾತೆಗೇ ಹಾಕಿ. ಕೈಯಲ್ಲಿ ಕೊಟ್ಟರೆ ರಸೀದಿ ಕೇಳಿ ಪಡೆಯಿರಿ. ಊರಿಗೆ ಬಂದಾಗ ಒಂದು ಮಧ್ಯಾಹ್ನ ಬನ್ನಿ, ಮಕ್ಕಳ ಪಂಕ್ತಿಯಲ್ಲೇ ನಿಮಗೂ ಎಲೆ ಹಾಕುತ್ತೇವೆ. ಲೆಕ್ಕದ ಪುಸ್ತಕ ಅಡುಗೆಮನೆಯ ಬಾಗಿಲ ಬಳಿಯೇ ಇರುತ್ತದೆ.

ದಾಸೋಹ ಸಮಿತಿಯ ಪರವಾಗಿ,
ತಿ. ನರಸೀಪುರ